ಹಳೇ ಕಂಪ್ಯೂಟರ್‌ಗೆ ಹೊಸ ಪ್ರೊಸೆಸರ್: ಗೇಮಿಂಗ್‌ಗಾಗಿ ಬದಲಿಸುವುದು ಹೇಗೆ?

ಆರೇಳು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿಸಿದ್ದು. ಆದರೂ ಆಟದಲ್ಲಿ ಗಲಾಟೆ ಜೋರಾದ ಕೂಡಲೇ ಪರದೆ ತಡವರಿಸುತ್ತದೆ. ಯಾರನ್ನು ಕೇಳಿದರೂ ‘ಹೊಸ ಸಿಸ್ಟಂ ತಗೊಂಡ್ಬಿಡಿ’ ಅನ್ನುತ್ತಾರೆ. ಎಷ್ಟೋ ಸಲ ಅದು ಬೇಕಾಗಿಯೇ ಇಲ್ಲ. ಇರುವ ಮದರ್‌ಬೋರ್ಡ್‌ಗೆ ಹೊಂದುವ ಒಳ್ಳೆಯ ಪ್ರೊಸೆಸರ್ ಕೂರಿಸಿದರೆ ಸಾಕು. ಆದರೆ ಕೆಲವು ಮದರ್‌ಬೋರ್ಡ್‌ಗಳ ಮೇಲೆ ಇನ್ನು ದುಡ್ಡು ಹಾಕುವುದು ದಂಡ. ನಿಮ್ಮದು ಯಾವ ಗುಂಪು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ತಪ್ಪು ಪ್ರೊಸೆಸರ್‌ನದೇನಾ?

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಿ. ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಆಟ ಆಡುವಾಗಲೇ ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂಬ ಲೆಕ್ಕ), ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ, ಪ್ರೊಸೆಸರ್‌ನ ಒಂದೊಂದು ಕೋರ್ (ಲೆಕ್ಕ ಮಾಡುವ ಘಟಕ) ಎಷ್ಟು ದುಡಿಯುತ್ತಿದೆ ಎಲ್ಲ ಕಾಣುತ್ತದೆ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರ್ ವೇಗಕ್ಕೆ ಕಟ್ಟುವ ಆಯ್ಕೆ) ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ಆಫ್ ಮಾಡಿ ಆಡಿ. ಗ್ರಾಫಿಕ್ಸ್ ಕಾರ್ಡ್ 95ರಿಂದ 100 ಪರ್ಸೆಂಟ್‌ನಲ್ಲೇ ನಿಂತಿದ್ದರೆ ಅದು ತನ್ನ ಶಕ್ತಿಯೆಲ್ಲ ಹಾಕುತ್ತಿದೆ ಅಂತ ಅರ್ಥ. ಪ್ರೊಸೆಸರ್ ಬದಲಿಸಿ ಏನೂ ಸಿಗುವುದಿಲ್ಲ. ಅದು 50–60ರಲ್ಲಿ ತೂಕಡಿಸುತ್ತಿದ್ದು ಎಫ್‌ಪಿಎಸ್ ಮಾತ್ರ ಕುಸಿಯುತ್ತಿದ್ದರೆ ಪ್ರೊಸೆಸರ್ ಮೇಲೆ ಅನುಮಾನ ಪಡಬಹುದು.

ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಲೆಕ್ಕವನ್ನು ನಂಬಬೇಡಿ. ಆಟದ ಮುಖ್ಯ ಕೆಲಸ ಒಂದೆರಡು ಕೋರ್‌ಗಳ ಮೇಲೇ ಬೀಳುತ್ತದೆ. ಅವು ಸುಸ್ತಾಗಿದ್ದರೂ ಒಟ್ಟು ಲೆಕ್ಕ ಅರ್ಧವೇ ಇರಬಹುದು.

ಇನ್ನೂ ಅನುಮಾನ ಇದ್ದರೆ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ ನೋಡಿ. ಗ್ರಾಫಿಕ್ಸ್ ಕಾರ್ಡ್‌ನ ಹೊರೆ ಇಳಿದರೂ ಎಫ್‌ಪಿಎಸ್ ಏರಲಿಲ್ಲ ಅಂದರೆ ಅಡ್ಡ ನಿಂತಿರುವುದು ಪ್ರೊಸೆಸರ್ ಕಡೆಯೇ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ತರಹದ ಆಟಗಳಲ್ಲಿ ಇದು ಜಾಸ್ತಿ.

ಇಲ್ಲೇ ರ‍್ಯಾಮ್ ಕೂಡ ನೋಡಿಬಿಡಿ. ಒಂದೇ 8 ಜಿಬಿ ಕಡ್ಡಿ ಇದ್ದರೆ ಅದಕ್ಕೆ ಜೋಡಿಯಾಗಿ ಅಂಥದ್ದೇ ಇನ್ನೊಂದು ಹಾಕಿ. ಎರಡು ಕಡ್ಡಿ ಇದ್ದಾಗ ಡ್ಯುಯಲ್ ಚಾನೆಲ್ ಆಗಿ, ಪ್ರೊಸೆಸರ್‌ಗೆ ಡೇಟಾ ಬೇಗ ತಲುಪುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ, ಮದರ್‌ಬೋರ್ಡ್‌ನ ಸ್ವಂತ ಸಾಫ್ಟ್‌ವೇರ್) ಎಕ್ಸ್‌ಎಂಪಿ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಇಲ್ಲದೆ ರ‍್ಯಾಮ್ ಕಡಿಮೆ ವೇಗದಲ್ಲಿ ಓಡುತ್ತಿರುವುದೂ ಉಂಟು. ಇವೆರಡನ್ನೂ ಸರಿ ಮಾಡಿದ ಮೇಲೆ ಮತ್ತೊಮ್ಮೆ ಆಡಿ ನೋಡಿ. ಕೆಲವರ ಪ್ರೊಸೆಸರ್ ಖರ್ಚು ಇಲ್ಲೇ ಉಳಿಯುತ್ತದೆ.

ಯಾವ ಮದರ್‌ಬೋರ್ಡ್?

ವಿಂಡೋಸ್ ಕೀ ಜತೆ ‘ಆರ್’ ಒತ್ತಿ, ಎಂಎಸ್‌ಇನ್ಫೋ32 (msinfo32) ಎಂದು ಟೈಪ್ ಮಾಡಿ. ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಮಾಡೆಲ್ ಹೆಸರು ಸಿಗುತ್ತದೆ. ಅದನ್ನು ಹಿಡಿದು ತಯಾರಕರ ವೆಬ್‌ಸೈಟ್‌ಗೆ ಹೋದರೆ ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ. ಅದರಲ್ಲಿ ಇರುವುದನ್ನೇ ಕೊಳ್ಳಿ. ಪಕ್ಕದಲ್ಲಿ ಯಾವ ಬಯಾಸ್ ವರ್ಷನ್ ಬೇಕು ಅಂತಲೂ ಬರೆದಿರುತ್ತದೆ, ಗುರುತು ಹಾಕಿಕೊಳ್ಳಿ.

ಎಎಂಡಿಯ ಎಎಂ4 ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಇರುವವರು ಅದೃಷ್ಟವಂತರು. 2017ರಲ್ಲಿ ರೈಜನ್ 1000 ಸರಣಿ ಬಂದ ಸಾಕೆಟ್‌ಗೇ 5000 ಸರಣಿಯೂ ಕೂರುತ್ತದೆ. ನಾಲ್ಕು ಕೋರ್‌ನ ರೈಜನ್ 3 2200ಜಿ ತೆಗೆದು ಆರು ಕೋರ್, ಹನ್ನೆರಡು ಥ್ರೆಡ್‌ನ (ಥ್ರೆಡ್ ಅಂದರೆ ಒಂದೇ ಸಲಕ್ಕೆ ಓಡಬಲ್ಲ ಕೆಲಸದ ಸಾಲು) ರೈಜನ್ 5 5600 ಹಾಕಿದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಅದಕ್ಕೆ 65 ವ್ಯಾಟ್ ಸಾಕು, ಸಾಮಾನ್ಯ ಬಿ450 ಬೋರ್ಡ್ ಆರಾಮಾಗಿ ತಡೆಯುತ್ತದೆ.

ಇಂಟೆಲ್‌ನಲ್ಲಿ ಸಾಕೆಟ್ ನೋಡಿ ಮೋಸ ಹೋಗುವವರು ಬಹಳ. 6, 7, 8, 9ನೇ ತಲೆಮಾರು ನಾಲ್ಕಕ್ಕೂ ಎಲ್‌ಜಿಎ 1151 ಎಂಬ ಒಂದೇ ಹೆಸರು. ಆದರೆ 100 ಮತ್ತು 200 ಸರಣಿಯ ಬೋರ್ಡ್‌ಗಳು 6, 7ಕ್ಕೆ ಮಾತ್ರ. 8, 9ಕ್ಕೆ 300 ಸರಣಿಯದ್ದೇ ಬೇಕು. 4ನೇ ತಲೆಮಾರಿನ ಐ5 ಇದ್ದವರಿಗೆ ‘ಐ7 4790 ಹಾಕಿ’ ಎಂಬ ಸಲಹೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಕೋರ್ ಅವೇ ನಾಲ್ಕು, ಹೆಚ್ಚಿಗೆ ಸಿಗುವುದು ನಾಲ್ಕು ಥ್ರೆಡ್ ಮತ್ತು ಒಂದಿಷ್ಟು ವೇಗ. ರ‍್ಯಾಮ್ ಹಳೇ ಡಿಡಿಆರ್3. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಕೇಳುವುದು 8ನೇ ತಲೆಮಾರಿನ ಇಂಟೆಲ್ ಅಥವಾ ರೈಜನ್ 2000 ಸರಣಿಯಿಂದ ಮೇಲಿನವನ್ನು, ಅದೂ ಕೆಲವನ್ನು ಬಿಟ್ಟು. ಅಂಥ ಬೋರ್ಡ್‌ಗೆ ಹಾಕುವ ದುಡ್ಡನ್ನು ಕೂಡಿಟ್ಟುಕೊಂಡು ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಮೇಲು.

ಕೊಳ್ಳುವಾಗ

5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 2200ಜಿ ನಂಬಿಕೊಂಡಿದ್ದವರು ಇದನ್ನು ಹಾಕಿದರೆ ಪರದೆ ಕಪ್ಪು. ಅವರಿಗೆ ಬೇಕಾದದ್ದು 5600ಜಿ. ಆದರೆ ಅದರಲ್ಲಿ ಕ್ಯಾಶೆ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಅರ್ಧ: 32ರ ಜಾಗದಲ್ಲಿ 16 ಎಂಬಿ. ಆದ್ದರಿಂದ ಕಾರ್ಡ್ ಇರುವವರು ಸುಮ್ನೆ ಅದನ್ನು ಕೊಳ್ಳಬೇಡಿ. ಇನ್ನೂ ಮೇಲೆ ಹೋಗುವುದಾದರೆ 96 ಎಂಬಿ ಕ್ಯಾಶೆಯ 5700ಎಕ್ಸ್3ಡಿ, 5800ಎಕ್ಸ್3ಡಿ ಇವೆ. ಇವು 105 ವ್ಯಾಟ್‌ನವು, ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ, ಅಗ್ಗದ ಎ320 ಬೋರ್ಡ್‌ಗೆ ಭಾರ.

ಹಾಸನ, ಚಿಕ್ಕಮಗಳೂರಿನಲ್ಲಿ ಬೇಕಾದ ಮಾಡೆಲ್ ಸ್ಟಾಕ್ ಇಲ್ಲದಿದ್ದರೆ ಆನ್‌ಲೈನ್ ಅಥವಾ ಬೆಂಗಳೂರಿನ ಎಸ್‌ಪಿ ರೋಡ್. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಪ್ರೊಸೆಸರ್ ಬೇಗ ಕೆಡುವ ಭಾಗವಲ್ಲ. ಆದರೆ ಎಎಂ4ರಲ್ಲಿ ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುತ್ತವೆ, ಒಟ್ಟು 1331. ಓರೆಯಾಗಿ ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ಸಾಲುಗಳನ್ನು ನೋಡಿ. ಒಂದು ಬಾಗಿದ್ದರೂ ಗೊತ್ತಾಗುತ್ತದೆ.

ಮೊದಲು ಬಯಾಸ್, ಆಮೇಲೆ ಪ್ರೊಸೆಸರ್

ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಇದನ್ನು ಮರೆತು ಹೊಸದು ಕೂರಿಸಿ, ಪರದೆ ಬರಲಿಲ್ಲವೆಂದು ಪ್ರೊಸೆಸರ್ ವಾಪಸ್ ಮಾಡುವವರಿದ್ದಾರೆ. ತಯಾರಕರ ವೆಬ್‌ಸೈಟ್‌ನಿಂದ ಫೈಲ್ ಇಳಿಸಿ, ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್ ಒಳಗಿನಿಂದಲೇ ಅಪ್‌ಡೇಟ್ ಕೊಡಿ. ಹಳೆಯ ಬೋರ್ಡ್ ಆದರೆ ನಡುವಿನ ಒಂದು ವರ್ಷನ್ ಮೊದಲು ಹಾಕಬೇಕಾಗಬಹುದು, ಅಲ್ಲಿನ ಸೂಚನೆ ಓದಿ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ಮಾಮೂಲಿ ಅಲ್ವಾ? ಯುಪಿಎಸ್ ಇಲ್ಲದೆ ಮಳೆ-ಗಾಳಿಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಪಕ್ಕದ ಮನೆಯವರದ್ದಾದರೂ ಯುಪಿಎಸ್ ಒಂದು ಗಂಟೆ ಕೇಳಿ ತನ್ನಿ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ನ ಡೇಟಾಕ್ಕೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬಯಾಸ್ ಮುಟ್ಟುವ ಮೊದಲೇ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ.

ಬಿಚ್ಚುವುದು, ಕೂರಿಸುವುದು

ಎಎಂ4ರಲ್ಲಿ ಅಪಾಯ ಇರುವುದು ಹಳೆಯ ಕೂಲರ್ ತೆಗೆಯುವಾಗ. ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸಲು ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಇದ್ದು ಒಣಗಿ ಅಂಟಾಗಿರುತ್ತದೆ. ನೇರ ಮೇಲಕ್ಕೆ ಎಳೆದರೆ ಸಾಕೆಟ್‌ನ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್ ಜತೆ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಅದಕ್ಕೇ ಮೊದಲು ಕಾಲು ಗಂಟೆ ಆಟ ಆಡಿ ಪೇಸ್ಟ್ ಬಿಸಿ ಮಾಡಿ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಕ್ಯಾಬಿನೆಟ್ ಮಲಗಿಸಿ.

ಮಲೆನಾಡಿನ ಮನೆಗಳಲ್ಲಿ ಕ್ಯಾಬಿನೆಟ್ ತೆರೆದರೆ ಇರುವೆ, ಹಲ್ಲಿ ಮೊಟ್ಟೆ ಸಿಗುವುದು ಹೊಸದೇನಲ್ಲ. ಬ್ರಷ್‌ನಿಂದ ಎಲ್ಲ ತೆಗೆದೇ ಮುಂದುವರಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ.

ಫ್ಯಾನ್ ವೈರ್ ಬಿಡಿಸಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬೋರ್ಡ್‌ನ ಹಿಂದಿನ ತಗಡು ಜಾರಿ ಬೀಳಬಹುದು, ಒಂದು ಕೈ ಕೊಟ್ಟಿರಿ. ಕೂಲರ್ ಹಿಡಿದು ಎಡಕ್ಕೆ, ಬಲಕ್ಕೆ ನಿಧಾನವಾಗಿ ತಿರುಗಿಸಿ. ಅಂಟು ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ, ಆಗ ಎತ್ತಿ. ಲಿವರ್ ಮೇಲೆತ್ತಿ, ಪ್ರೊಸೆಸರ್‌ನ ಅಂಚು ಹಿಡಿದು ತೆಗೆಯಿರಿ.

ಹೊಸದರ ಒಂದು ಮೂಲೆಯಲ್ಲಿ ಬಂಗಾರದ ಬಣ್ಣದ ತ್ರಿಕೋನ ಇದೆ. ಸಾಕೆಟ್ ಮೇಲೂ ಅಂಥದ್ದೇ ಗುರುತು ಇದೆ. ಎರಡನ್ನೂ ಸರಿಹೊಂದಿಸಿ ಇಟ್ಟರೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಒತ್ತಬೇಡಿ, ಎತ್ತಿ ಮತ್ತೆ ಇಡಿ. ನಂತರ ಲಿವರ್ ಹಾಕಿ. ಇಂಟೆಲ್‌ನಲ್ಲಿ ಪಿನ್‌ಗಳು ಸಾಕೆಟ್‌ನಲ್ಲಿ ಇರುವುದರಿಂದ ಅಲ್ಲಿ ಬೆರಳು ತಾಗಿಸಲೇಬಾರದು.

ಹಳೆಯ ಕೂಲರನ್ನೇ ಬಳಸುವುದಾದರೆ ಅದರ ತಳವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರ್ ನಡುವೆ ಬಟಾಣಿಯಷ್ಟು ಪೇಸ್ಟ್ ಇಡಿ. ಹೊಸ ಕೂಲರ್ ತಳದಲ್ಲಿ ಮೊದಲೇ ಪೇಸ್ಟ್ ಇದ್ದರೆ ಮತ್ತೆ ಹಚ್ಚುವುದು ಬೇಡ. ಸ್ಕ್ರೂಗಳನ್ನು ಮತ್ತೆ ಎದುರುಬದುರಾಗಿಯೇ ಬಿಗಿಸಿ. ಫ್ಯಾನ್ ವೈರ್ ‘ಸಿಪಿಯು ಫ್ಯಾನ್’ ಎಂದು ಬರೆದಲ್ಲಿಗೆ.

ಆನ್ ಮಾಡಿದ ಮೇಲೆ

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಇರಲಿ, ಮದರ್‌ಬೋರ್ಡ್‌ಗಲ್ಲ. ಎಎಂಡಿ ಬೋರ್ಡ್‌ಗಳಲ್ಲಿ ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ (ಬಿಟ್‌ಲಾಕರ್‌ನ ಕೀ ಕಾಯುವ ಭದ್ರತಾ ಭಾಗ) ರೀಸೆಟ್ ಮಾಡಲೇ ಎಂಬ ಪ್ರಶ್ನೆ ಬರಬಹುದು. ಬಿಟ್‌ಲಾಕರ್ ಇದ್ದು ರಿಕವರಿ ಕೀ ಕೈಯಲ್ಲಿ ಇಲ್ಲದಿದ್ದರೆ ‘ವೈ’ ಒತ್ತಬೇಡಿ. ಅಪ್‌ಡೇಟ್‌ನಿಂದ ಬಯಾಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗಿರುತ್ತದೆ, ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡುವವರಿಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗ್ ಎರಡೂ ಆನ್ ಇರಲೇಬೇಕು.

ಅರ್ಧ ಗಂಟೆ ಆಡಿ ಬಿಸಿ ಎಷ್ಟಿದೆ ನೋಡಿ. 90 ಡಿಗ್ರಿಯ ಸುತ್ತಮುತ್ತ ನಿಂತರೆ ಕೂಲರ್ ಸರಿಯಾಗಿ ಕೂತಿಲ್ಲ ಅಥವಾ ಗಾಳಿ ಸಾಲುತ್ತಿಲ್ಲ. ಎಲ್ಲ ಸರಿಯಿದ್ದರೆ ಮೊದಲಿನ ಆಟವನ್ನೇ, ಅದೇ ಸೆಟ್ಟಿಂಗ್‌ನಲ್ಲಿ ಆಡಿ ಎಫ್‌ಪಿಎಸ್ ಹೋಲಿಸಿ. ಹಳೆಯ ಪ್ರೊಸೆಸರನ್ನು ಹೊಸದರ ಖಾಲಿ ಡಬ್ಬಿಯಲ್ಲಿ ಒಂದೆರಡು ವಾರ ಇಟ್ಟುಕೊಂಡಿರಿ. ಏನಾದರೂ ತೊಂದರೆ ಬಂದರೆ ಹಾಕಿ ನೋಡಲು ಬೇಕಾಗುತ್ತದೆ. ಆಮೇಲೆ ಮಾರಿಬಿಡಿ.