ಕಾಲೇಜಿನ ಹೆಸರು ಮುಚ್ಚಿಟ್ಟು ಕೆಲಸಕ್ಕೆ ಆರಿಸುವುದು: ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಶಾಫ್ಟು, ಬುಷ್ಷು, ವಾಲ್ವಿನ ಭಾಗಗಳು, ಇಂಥವು. ವರ್ಷಕ್ಕೊಮ್ಮೆ ಟ್ರೈನಿಗಳನ್ನು ತೆಗೆದುಕೊಳ್ಳುತ್ತೇವೆ, ಡಿಪ್ಲೊಮಾ ಆದವರೂ ಬರುತ್ತಾರೆ, ಬಿಇ ಮೆಕ್ಯಾನಿಕಲ್ ಆದವರೂ ಬರುತ್ತಾರೆ. ಕೆಲವು ವರ್ಷಗಳಿಂದ ನಾವು ಅವರು ಓದಿದ ಕಾಲೇಜು ಯಾವುದು ಅಂತ ಗೊತ್ತಿಲ್ಲದೆಯೇ ಆಯ್ಕೆ ಮಾಡುತ್ತಿದ್ದೇವೆ. ಕಾಲೇಜು ನೋಡಬೇಡಿ ಅಂತ ಬಾಯಲ್ಲಿ ಹೇಳಿದರೆ ಸಾಲದು, ಹೆಸರು ಕಣ್ಣಿಗೆ ಬಿದ್ದರೆ ಮನಸ್ಸು ತನ್ನ ಪಾಡಿಗೆ ಲೆಕ್ಕ ಹಾಕಿಬಿಡುತ್ತದೆ. ಹಾಗಾಗಿ ಕಣ್ಣಿಗೇ ಬೀಳದ ಹಾಗೆ ಮಾಡಿಕೊಂಡೆವು. ಇದೇ ಏರಿಯಾದ ಬೇರೆ ಕಂಪನಿಯವರು ಆಗಾಗ ಕೇಳುತ್ತಾರೆ, ಅದು ಹೇಗೆ ಸಾಧ್ಯ ಅಂತ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮಲ್ಲೂ ಎಲ್ಲ ಕಡೆ ಇದ್ದ ಹಾಗೇ ಇತ್ತು. ಮೂರ್ನಾಲ್ಕು ಹುದ್ದೆಗೆ ನೂರಾರು ರೆಸ್ಯೂಮೆ ಬರುತ್ತವೆ, ಎಚ್‌ಆರ್‌ನಲ್ಲಿ ಇರುವುದು ಒಬ್ಬರೇ, ಅವರಿಗೆ ಸಂಬಳ, ಪಿಎಫ್, ರಜೆ ಎಲ್ಲದರ ಕೆಲಸವೂ ಇರುತ್ತದೆ. ರಾಶಿ ಕಮ್ಮಿ ಮಾಡಲು ಸುಲಭದ ದಾರಿ ಅಂದರೆ ಹೆಸರು ಕೇಳಿದ ಕಾಲೇಜುಗಳು ಒಂದು ಕಡೆ, ಕೇಳದವು ಇನ್ನೊಂದು ಕಡೆ. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಇದೆಯಾ ಅಂತ ಇನ್ನೊಂದು ಜರಡಿ. ಎರಡನೇ ಗುಂಪಿನ ರೆಸ್ಯೂಮೆಗಳನ್ನು ಯಾರೂ ಪೂರ್ತಿ ಓದುತ್ತಿರಲಿಲ್ಲ. ಆ ಕಾಗದಗಳ ಹಿಂದೆ ಒಬ್ಬೊಬ್ಬ ಹುಡುಗ, ಹುಡುಗಿ ಇದ್ದಾರೆ, ಮನೆಯಲ್ಲಿ ಸಾಲ ಮಾಡಿ ಓದಿಸಿದ್ದಾರೆ ಅನ್ನುವುದು ನನ್ನನ್ನು ತುಂಬಾ ಕಾಡುತ್ತಿತ್ತು. ಆದರೆ ಬರೀ ಮರುಕ ಇಟ್ಟುಕೊಂಡು ಕಂಪನಿಯಲ್ಲಿ ಪದ್ಧತಿ ಬದಲಾಯಿಸಲು ಆಗುವುದಿಲ್ಲ. ಎಂಡಿಯವರ ಮುಂದೆ ಕೂತಾಗ ಕಾರಣ ಬೇಕು.

ಕಾರಣ ಇತ್ತು. ಕಾಲೇಜಿನ ಹೆಸರು ನಮಗೆ ಏನು ಹೇಳುತ್ತದೆ ಅಂತ ಕೂತು ಯೋಚಿಸಿದರೆ ಸಾಕು. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಸೀಟು ಸಿಗುವುದು ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಬರುವ ರ‍್ಯಾಂಕಿನ ಮೇಲೆ. ಅಂದರೆ 17, 18ನೇ ವಯಸ್ಸಿನಲ್ಲಿ ಒಬ್ಬರು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಎಷ್ಟು ತಯಾರಾಗಿದ್ದರು ಅನ್ನುವುದು. ಆ ತಯಾರಿಯಲ್ಲಿ ಒಳ್ಳೆ ಪಿಯು ಕಾಲೇಜು, ಕೋಚಿಂಗು, ಮನೆಯಲ್ಲಿ ಓದಲು ಒಂದು ಕೋಣೆ, ಎಲ್ಲವೂ ಸೇರಿರುತ್ತವೆ. ಅದೂ ಪೂರ್ತಿ ನಿಜವಲ್ಲ, ಯಾಕೆಂದರೆ ಅದೇ ಕಾಲೇಜಿನಲ್ಲಿ ಕಾಮೆಡ್‌ಕೆ ಅನ್ನುವ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯ ಮೂಲಕ ಬಂದವರು ಇರುತ್ತಾರೆ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ದುಡ್ಡು ಕಟ್ಟಿ ಬಂದವರು ಇರುತ್ತಾರೆ, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದವರೂ ಇರುತ್ತಾರೆ. ಸರ್ಟಿಫಿಕೇಟಿನಲ್ಲಿ ಎಲ್ಲರಿಗೂ ಒಂದೇ ಹೆಸರು. ಅತ್ತ ಒಳ್ಳೆ ರ‍್ಯಾಂಕ್ ಬಂದರೂ ಬೆಂಗಳೂರಿನ ಹಾಸ್ಟೆಲ್ ಖರ್ಚು ಭರಿಸಲಾಗದೆ, ಅಥವಾ ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಮನೆಯವರು ಒಪ್ಪದೆ, ಊರ ಹತ್ತಿರದ ಕಾಲೇಜಿಗೇ ಸೇರಿದವರು ಎಷ್ಟೋ ಜನ.

ಇನ್ನೊಂದು ವಿಷಯ ಇಂಟರ್‌ವ್ಯೂ ಮಾಡುವವರಲ್ಲಿ ಜಾಸ್ತಿ ಜನರಿಗೆ ಹೊಳೆಯುವುದೇ ಇಲ್ಲ. ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 1998ರಲ್ಲಿ ಶುರುವಾಯಿತು. ಅದರಡಿ ಇರುವ, ಸ್ವಾಯತ್ತ ಅಲ್ಲದ ಕಾಲೇಜುಗಳಿಗೆಲ್ಲ ಒಂದೇ ಸಿಲೆಬಸ್, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ. ಬೀದರಿನ ಹುಡುಗನೂ ಬೆಂಗಳೂರಿನ ಹುಡುಗನೂ ಅದೇ ಪತ್ರಿಕೆ ಬರೆಯುತ್ತಾರೆ. ಸ್ವಾಯತ್ತ ಕಾಲೇಜುಗಳು ತಮ್ಮ ಪತ್ರಿಕೆ ತಾವೇ ತೆಗೆಯುತ್ತವೆ. ಹೀಗಿರುವಾಗ ಈ ಎರಡು ಥರದ ಕಾಲೇಜುಗಳ ಸಿಜಿಪಿಎ ಅಕ್ಕಪಕ್ಕ ಇಟ್ಟು ಇವರು ಮೇಲು, ಅವರು ಕೀಳು ಅನ್ನುವುದಕ್ಕೆ ಅರ್ಥವೇ ಇಲ್ಲ.

ಹಾಗಂತ ಎಲ್ಲ ಕಾಲೇಜೂ ಒಂದೇ ಅಂತ ನಾನು ಹೇಳುವುದಿಲ್ಲ. ಲ್ಯಾಬ್‌ನಲ್ಲಿ ವ್ಯತ್ಯಾಸ ಇದೆ, ಮೇಷ್ಟ್ರುಗಳಲ್ಲಿ ಇದೆ, ಜೊತೆಗೆ ಓದುವವರಲ್ಲೂ ಇದೆ. ಕೆಲವು ಕಡೆ ಲೇತ್ ಮೇಲೆ ಪ್ರತಿಯೊಬ್ಬರೂ ಕೈಯಿಟ್ಟು ಕೆಲಸ ಮಾಡಿರುತ್ತಾರೆ, ಕೆಲವು ಕಡೆ ಹತ್ತು ಜನ ಸುತ್ತ ನಿಂತು ಒಬ್ಬ ಮಾಡುವುದನ್ನು ನೋಡಿ ರೆಕಾರ್ಡ್ ಬರೆದಿರುತ್ತಾರೆ. ಆದರೆ ಅದು ನನಗೆ ಬೇಕಾದ ವಿಷಯ ಆದರೆ ಅದನ್ನೇ ನೇರ ಪರೀಕ್ಷಿಸಬಹುದು ಅಲ್ವಾ? ಮಾವಿನಹಣ್ಣು ಕೈಯಲ್ಲೇ ಇರುವಾಗ ಮೂಸಿ ನೋಡುವುದು ಬಿಟ್ಟು ಬುಟ್ಟಿಯ ಮೇಲಿನ ಚೀಟಿ ಓದುವುದು ಯಾಕೆ?

ಹಾಗಾಗಿ ನಮ್ಮ ಪರೀಕ್ಷೆ ಹೀಗಿದೆ. ಇದನ್ನು ಮುಚ್ಚಿಡುವುದೇನಿಲ್ಲ, ಗೊತ್ತಿದ್ದು ಬಂದು ಚೆನ್ನಾಗಿ ಮಾಡಿದರೆ ನಮಗೇ ಖುಷಿ. ಮೇಜಿನ ಮೇಲೆ ಒಂದು ಶಾಫ್ಟ್ ಮತ್ತು ಅದರ ಡ್ರಾಯಿಂಗ್ ಇಡುತ್ತೇವೆ. ವ್ಯಾಸ 25 ಮಿ.ಮೀ., ಪಕ್ಕದಲ್ಲಿ h7 (ಇಂಗ್ಲಿಷಿನ ಸಣ್ಣ ಎಚ್) ಅಂತ ಬರೆದಿರುತ್ತದೆ, ಅಳತೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನುವ ಗುರುತು ಅದು. ಅಂದರೆ ಜಾಬ್ (ಮಷಿನ್‌ನಲ್ಲಿ ಮಾಡಿದ ಭಾಗಕ್ಕೆ ನಾವು ಹೇಳುವುದು ಹಾಗೆ) 25.000 ದಾಟಬಾರದು, 24.979ಕ್ಕಿಂತ ಕಮ್ಮಿಯೂ ಆಗಬಾರದು, ಮಧ್ಯೆ ಇರುವ ಜಾಗ, ಅಂದರೆ ಟಾಲರೆನ್ಸ್, 21 ಮೈಕ್ರಾನ್ ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಶಾಫ್ಟ್ ಪಕ್ಕದಲ್ಲಿ ಮೂರು ಅಳತೆಯ ಉಪಕರಣ: 0.02 ಮಿ.ಮೀ. ಓದುವ ವರ್ನಿಯರ್, 0.01 ಓದುವ ಮೈಕ್ರೋಮೀಟರ್, 0.001 ಓದುವ ಡಿಜಿಟಲ್ ಮೈಕ್ರೋಮೀಟರ್. ಟಾಲರೆನ್ಸ್ ಚಾರ್ಟೂ ಅಲ್ಲೇ ಇರುತ್ತದೆ, ಬಾಯಿಪಾಠ ಯಾರಿಗೂ ಬೇಕಿಲ್ಲ. ಈ ಜಾಬ್ ಪಾಸಾ, ರಿಜೆಕ್ಟಾ, ಯಾಕೆ? ಪ್ರಶ್ನೆ ಇಷ್ಟೇ.

ಕೈ ಯಾವ ಕಡೆ ಹೋಗುತ್ತದೆ ಅಂತ ನೋಡುತ್ತೇನೆ. ಬಹಳ ಜನ ಅಭ್ಯಾಸಬಲದಿಂದ ವರ್ನಿಯರ್ ಎತ್ತಿಕೊಳ್ಳುತ್ತಾರೆ. ಇಡೀ ಟಾಲರೆನ್ಸೇ 21 ಮೈಕ್ರಾನ್ ಇರುವಾಗ, ಒಂದು ಗೆರೆಗೆ 20 ಮೈಕ್ರಾನ್ ಹಾರುವ ಸಾಧನದಿಂದ ಏನೂ ತೀರ್ಮಾನ ಮಾಡಲಾಗದು. ಟಾಲರೆನ್ಸಿನ ಹತ್ತನೇ ಒಂದು ಭಾಗ ಓದಬಲ್ಲ ಉಪಕರಣ ಬೇಕು ಅನ್ನುವುದು ನಮ್ಮ ಕಸುಬಿನಲ್ಲಿ ರೂಢಿ. ವರ್ನಿಯರ್ ಎತ್ತಿಕೊಂಡ ಮಾತ್ರಕ್ಕೆ ಯಾರನ್ನೂ ಕಳಿಸುವುದಿಲ್ಲ, ಅಳೆದು ಮುಗಿದ ಮೇಲೆ ಯಾಕೆ ಇದನ್ನೇ ತಗೊಂಡ್ರಿ ಅಂತ ಕೇಳುತ್ತೇವೆ. ಆಗ ಯೋಚಿಸಿ ತಾನಾಗೇ ಸರಿಮಾಡಿಕೊಳ್ಳುವವರು ಇದ್ದಾರೆ. ಅಂಥವರು ನನಗೆ ಇಷ್ಟ.

ಆಮೇಲೆ ಸಣ್ಣಸಣ್ಣ ವಿಷಯ. ಜಾಬ್ ಒರೆಸುತ್ತಾರಾ, ಉಪಕರಣ ಜೀರೋ ತೋರಿಸುತ್ತಾ ಅಂತ ನೋಡಿಕೊಳ್ಳುತ್ತಾರಾ, ರಾಚೆಟ್ (ಒತ್ತಡ ಮಿತಿಯಲ್ಲಿಡುವ ತುದಿಯ ಹಿಡಿ) ಹಿಡಿದು ತಿರುಗಿಸುತ್ತಾರಾ ಅಥವಾ ಬಲವಾಗಿ ಬಿಗಿಯುತ್ತಾರಾ. ನಾವು ಇಡುವ ಶಾಫ್ಟು ಬೇಕೆಂದೇ ಸ್ವಲ್ಪ ಟೇಪರ್ ಇರುವುದು: ಒಂದು ತುದಿಯಲ್ಲಿ 24.994, ಇನ್ನೊಂದು ತುದಿಯಲ್ಲಿ 25.006. ಮೊದಲ ತುದಿಯಲ್ಲಷ್ಟೇ ಅಳೆದವರಿಗೆ ಪಾಸ್ ಅನ್ನಿಸುತ್ತದೆ. ಮೂರು ಕಡೆ ಅಳೆದು, ತಿರುಗಿಸಿ ಮತ್ತೆ ಅಳೆದವರಿಗೆ ಸಿಕ್ಕಿಬೀಳುತ್ತದೆ. ಒಂದು ಸಲ ಉತ್ತರ ಕರ್ನಾಟಕದ ಹುಡುಗಿಯೊಬ್ಬಳು ಬಂದಿದ್ದಳು. ಕೂತ ತಕ್ಷಣ ಬಿಳಿ ಹಾಳೆಯ ಒಂದು ಚೂರು ಹರಿದು ಮೈಕ್ರೋಮೀಟರಿನ ಎರಡು ಮುಖಗಳ ನಡುವೆ ಹಗುರಾಗಿ ಹಿಡಿದು ಎಳೆದಳು, ಧೂಳು ಹೋಗಲಿ ಅಂತ. ಆಮೇಲೆ ಜೀರೋ ನೋಡಿದಳು. ಯಾರು ಹೇಳಿಕೊಟ್ಟದ್ದು ಅಂತ ಕೇಳಿದೆ. ರಜೆಯಲ್ಲಿ ಊರಿನ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದೆ ಸರ್, ಅಲ್ಲಿನ ಅಣ್ಣ ಬೈದು ಬೈದು ಕಲಿಸಿದ್ದು ಅಂದಳು. ಅವಳ ಕಾಲೇಜಿನ ಹೆಸರು ಆಫರ್ ಲೆಟರ್ ತಯಾರಾಗುವಾಗ ನೋಡಿದೆ, ನಾನು ಅದುವರೆಗೆ ಕೇಳಿದ್ದೇ ಇಲ್ಲ. ಹಳೆಯ ಪದ್ಧತಿಯಲ್ಲಿ ಆ ರೆಸ್ಯೂಮೆ ನನ್ನ ಮೇಜಿಗೆ ಬರುತ್ತಲೇ ಇರಲಿಲ್ಲ.

ಅದೇ ಬ್ಯಾಚಿನಲ್ಲಿ ತುಂಬಾ ಚೆನ್ನಾಗಿ ಮಾಡಿದ ಇನ್ನೊಬ್ಬ ಹುಡುಗ ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಿನವನೇ. ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಗೆ ಕಾಲೇಜಿನ ತಂಡದ ಜೊತೆ ಗಾಡಿ ಕಟ್ಟಿದ್ದವನು, ಕೈಯಲ್ಲಿ ಗ್ರೀಸು ಮೆತ್ತಿಕೊಂಡು ಅಭ್ಯಾಸ ಇದ್ದವನು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಈಚೆಗೆ ಕೆಲವು ಸಣ್ಣ ಕಂಪನಿಯವರು ಉಲ್ಟಾ ಮಾಡಲು ಶುರುಮಾಡಿದ್ದಾರೆ. ದೊಡ್ಡ ಕಾಲೇಜಿನವರು ನಮ್ಮಲ್ಲಿ ನಿಲ್ಲಲ್ಲ, ಆರು ತಿಂಗಳಲ್ಲಿ ಐಟಿಗೆ ಹೋಗ್ತಾರೆ, ಅವರನ್ನು ಕರೀಲೇಬೇಡಿ ಅಂತಾರೆ. ಅದೂ ಅಷ್ಟೇ ತಪ್ಪು. ನಿಲ್ಲುತ್ತೀರಾ, ಈ ಕೆಲಸ ಯಾಕೆ ಬೇಕು ಅಂತ ಎದುರಿಗೆ ಕೂರಿಸಿ ಕೇಳಿ.

ಇನ್ನೊಂದು ಪ್ರಶ್ನೆ ಬಾಯಲ್ಲಿ ಕೇಳುತ್ತೇವೆ. ಮಷಿನ್‌ನಿಂದ ಈಗಷ್ಟೇ ಇಳಿಸಿದ ಬಿಸಿ ಜಾಬ್ ಅಳೆದರೆ ಏನಾಗುತ್ತದೆ? ಅಳತೆಗೆ ಜಗತ್ತಿನಾದ್ಯಂತ ಒಪ್ಪಿಕೊಂಡ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಅದಕ್ಕಿಂತ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 25 ಮಿ.ಮೀ. ವ್ಯಾಸ ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಲೆಕ್ಕ ಹೇಳಬೇಕಿಲ್ಲ, ಆರಲು ಬಿಟ್ಟು ಅಳೀಬೇಕು ಸರ್ ಅಂದರೆ ಸಾಕು. ಕೊನೆಯಲ್ಲಿ ನಮ್ಮ ಹಿರಿಯ ಆಪರೇಟರ್ ಒಬ್ಬರು ಬಂದು ಪಕ್ಕ ನಿಲ್ಲುತ್ತಾರೆ. ಎಲ್ಲಾ ಸರಿ ಇದೆಯಲ್ಲ ತಮ್ಮಾ, ಪಾಸ್ ಮಾಡಿಬಿಡು, ಗಾಡಿ ಕಾಯ್ತಿದೆ ಅಂತಾರೆ. ತನ್ನ ತಂದೆಯ ವಯಸ್ಸಿನವರಿಗೆ, ಮರ್ಯಾದೆ ಬಿಡದೆ, ಇಲ್ಲ ಅಣ್ಣ, ಈ ತುದಿಯಲ್ಲಿ 6 ಮೈಕ್ರಾನ್ ಜಾಸ್ತಿ ಇದೆ, ನೀವೇ ಒಂದ್ಸಲ ನೋಡಿ ಅಂತ ಹೇಳಬಲ್ಲವರು ಬೇಕು. ಕ್ವಾಲಿಟಿ ಕೆಲಸದ ಅರ್ಧ ಇದೇ. ಇದನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ.

ಅರ್ಜಿ ಹಾಕಿದ ನೂರಾರು ಜನರಿಗೆಲ್ಲ ಶಾಫ್ಟ್ ಕೊಟ್ಟು ಕೂರಿಸುವುದು ಆಗದ ಮಾತು, ನಿಜ. ಅದಕ್ಕೆ ಮೊದಲು ಒಂದು ಸಣ್ಣ ಲಿಖಿತ ಪರೀಕ್ಷೆ. ಡಿಪ್ಲೊಮಾ ಅಥವಾ ಬಿಇ ಪಾಸಾಗಿದ್ದರೆ ಸಾಕು, ಎಲ್ಲರೂ ಬರೆಯಬಹುದು. ಒಂದು ಡ್ರಾಯಿಂಗ್ ಓದಿ ಉತ್ತರಿಸುವ ಪ್ರಶ್ನೆಗಳು, ಒಂದಿಷ್ಟು ಲೆಕ್ಕ. ಕನ್ನಡದಲ್ಲಿ ಬರೆದರೂ ಸರಿ, ಇಂಗ್ಲಿಷಿನಲ್ಲಿ ಬರೆದರೂ ಸರಿ. ಡ್ರಾಯಿಂಗಿನ ಟಿಪ್ಪಣಿಗಳು ಇಂಗ್ಲಿಷಿನಲ್ಲೇ ಇರುತ್ತವೆ, ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಬರಬೇಕು. ವಿವರಿಸುವಾಗ ಕನ್ನಡದಲ್ಲಿ ನಿರರ್ಗಳವಾಗಿ ಮಾತಾಡುವ ಹುಡುಗನಿಗೆ ಇಂಗ್ಲಿಷಿನಲ್ಲೇ ಹೇಳು ಅಂದರೆ ನಾನು ಪರೀಕ್ಷಿಸುವುದು ಮೆಕ್ಯಾನಿಕಲ್ ಅಲ್ಲ, ಸ್ಪೋಕನ್ ಇಂಗ್ಲಿಷ್.

ಎಚ್‌ಆರ್‌ನವರು ಪ್ರತಿ ಅರ್ಜಿಗೆ ಒಂದು ನಂಬರ್ ಕೊಡುತ್ತಾರೆ. ಆ ನಂಬರ್ ಬಿಟ್ಟು ಬೇರೇನೂ ನಮಗೆ ಬರುವುದಿಲ್ಲ, ಕಾಲೇಜು, ಅಂಕ, ಊರು, ಫೋಟೊ, ಹೆಸರು ಕೂಡ. ಹೆಸರನ್ನೂ ಯಾಕೆ ತೆಗೆದಿರಿ ಅಂತ ಎಂಡಿಯವರು ಕೇಳಿದ್ದರು. ಹೆಸರು ನೋಡಿದರೆ ಜಾತಿ, ಊರು, ಭಾಷೆಯ ಲೆಕ್ಕಾಚಾರ ಶುರುವಾಗುತ್ತದೆ ಸರ್ ಅಂದೆ. ಅವರು ಮತ್ತೆ ಪ್ರಶ್ನಿಸಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಬಂದಾಗ ಮುಖ ಕಾಣುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ನೀವು ಯಾವ ಕಾಲೇಜು ಅಂತ ಕೇಳಬಾರದು ಅನ್ನುವುದು ಕಟ್ಟುನಿಟ್ಟು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಇಬ್ಬರು ಬೇರೆಬೇರೆ ಕೂತು ಅಂಕ ಹಾಕುತ್ತೇವೆ, ಆಮೇಲೆ ಹೋಲಿಸುತ್ತೇವೆ. ನಮ್ಮ ಕಾಲೇಜಿನ ಹುಡುಗ ಸರ್, ಸ್ವಲ್ಪ ನೋಡಿ ಅನ್ನುವ ಶಿಫಾರಸು ಈಗಲೂ ಬರುತ್ತದೆ. ಪರೀಕ್ಷೆಗೆ ಕಳಿಸಿ ಅಂತೀವಿ, ಅಷ್ಟೇ.

ಎಂಡಿಯವರ ದೊಡ್ಡ ಅನುಮಾನ ಇದ್ದದ್ದು ಬೇರೆ ಕಡೆ. ಒಳ್ಳೆ ಕಾಲೇಜು ಅಂದರೆ ರಿಸ್ಕ್ ಕಮ್ಮಿ ಅಲ್ವಾ ಅಂದರು. ಅವರಿಗೆ ಒಂದು ಸಂಶೋಧನೆ ತೋರಿಸಿದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 85 ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ, ಯಾವ ಆಯ್ಕೆ ವಿಧಾನ ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಊಹಿಸುತ್ತದೆ ಅಂತ ನೋಡಿದರು. ಕೆಲಸದ ತುಣುಕನ್ನೇ ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಥರ ಪ್ರಶ್ನೆ ಕೇಳುವ ಸಂದರ್ಶನ, ಇವು ಮೇಲಿನ ಸಾಲಿನಲ್ಲಿದ್ದವು, ಎಷ್ಟು ವರ್ಷ ಓದಿದ್ದಾರೆ ಅನ್ನುವುದು ತೀರಾ ಕೆಳಗಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿದಾಗ ಬಹಳಷ್ಟು ಅಂಕಿಗಳು ಕೆಳಗಿಳಿದವು, ಆದರೂ ಒಂದೇ ಥರ ಪ್ರಶ್ನೆ ಕೇಳುವ ಸಂದರ್ಶನವೇ ಮೊದಲ ಸ್ಥಾನದಲ್ಲಿತ್ತು. ಎಂಡಿಯವರಿಗೆ ಇದಕ್ಕಿಂತ ಹೆಚ್ಚು ಒಪ್ಪಿಗೆಯಾದದ್ದು ಇನ್ನೊಂದು ಮಾತು: ಹೊರಗಿನಿಂದ ಬರುವ ಕಚ್ಚಾಮಾಲನ್ನು ನಾವು ಸಪ್ಲೈಯರ್ ಹೆಸರು ನೋಡಿ ಸುಮ್ನೆ ಒಳಗೆ ಬಿಡುತ್ತೇವಾ? ಎಷ್ಟೇ ದೊಡ್ಡ ಕಂಪನಿಯದ್ದಾದರೂ ಇನ್‌ವರ್ಡ್ ಇನ್‌ಸ್ಪೆಕ್ಷನ್ ಮಾಡುತ್ತೇವಲ್ಲ ಸರ್.

ಡಿಗ್ರಿ ಬೇಕಾ ಬೇಡವಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಇದರ ಜೊತೆ ಕಲಸಬೇಡಿ. ಡಾಕ್ಟರಿಗೆ ಎಂಬಿಬಿಎಸ್ ಬೇಕೇ ಬೇಕು. ನಮ್ಮ ಕೆಲಸಕ್ಕೂ ಡಿಪ್ಲೊಮಾದಷ್ಟು ಓದು ಬೇಕು. ಅದು ಯಾವ ಗೇಟಿನೊಳಗೆ ಸಿಕ್ಕಿತು ಅನ್ನುವುದನ್ನು ಮಾತ್ರ ನಾನು ಬಿಡಿ ಅನ್ನುತ್ತಿರುವುದು.

ಪರೀಕ್ಷೆ ಸರಿಹೋದ ಮೇಲೂ ಒಂದು ವಿಷಯ ಬಾಕಿ ಉಳಿದಿತ್ತು, ಸಂಬಳ. ಆಯ್ಕೆಯಲ್ಲಿ ಕಾಲೇಜು ನೋಡದಿದ್ದರೂ ಆಫರ್ ಕೊಡುವಾಗ ದೊಡ್ಡ ಕಾಲೇಜಿನವರಿಗೆ ಸ್ವಲ್ಪ ಜಾಸ್ತಿ, ಉಳಿದವರಿಗೆ ಕಮ್ಮಿ ಅನ್ನುವ ರೂಢಿ ಹಿಂದಿನಿಂದ ಬಂದಿತ್ತು, ಅವರು ಅಷ್ಟು ಕೇಳ್ತಾರೆ, ಇವರು ಕೇಳಲ್ಲ ಅನ್ನುವುದೇ ಅದಕ್ಕೆ ಇದ್ದ ಒಂದೇ ಕಾರಣ. ಒಂದೇ ಮೇಜಿನಲ್ಲಿ ಒಂದೇ ಶಾಫ್ಟ್ ಅಳೆಯುವ ಇಬ್ಬರಿಗೆ ಎರಡು ಸಂಬಳ ಕೊಡುವುದು ನನಗೆ ಸಹಿಸಲಾಗದ ಅನ್ಯಾಯ ಅನ್ನಿಸಿತು, ಜಗಳ ಮಾಡಿಯೇ ಬದಲಾಯಿಸಿಕೊಂಡೆ. ಈಗ ಟ್ರೈನಿ ಹುದ್ದೆಗೆ ಒಂದೇ ಮೊತ್ತ, ಅದನ್ನು ಪ್ರಕಟಣೆಯಲ್ಲೇ ಹಾಕುತ್ತೇವೆ. ಆರು ತಿಂಗಳಾದ ಮೇಲೆ ಏರಿಕೆ. ಅದಕ್ಕೆ ನೋಡುವುದು ಅವರು ಪಾಸ್ ಮಾಡಿದ ಜಾಬ್‌ಗಳಲ್ಲಿ ಗ್ರಾಹಕರಿಂದ ಎಷ್ಟು ವಾಪಸ್ ಬಂದವು, ಅವರು ಬರೆದ ಇನ್‌ಸ್ಪೆಕ್ಷನ್ ರಿಪೋರ್ಟ್ ಹೇಗಿದೆ, ಮತ್ತು ಶಾಪ್ ಫ್ಲೋರ್‌ನ ಆಪರೇಟರ್‌ಗಳು ಅವರ ಬಗ್ಗೆ ಏನು ಹೇಳುತ್ತಾರೆ ಅನ್ನುವುದು.