64 ಸೆಂಟಿಮೀಟರ್ ಭೂಮಿ

ಭೂಮಿಯ ಒಳರಚನೆ ಪಾಠ ಶುರು ಮಾಡುವಾಗ ನಾನು ಪುಸ್ತಕದ ಚಿತ್ರ ತೋರಿಸುವುದಿಲ್ಲ. ಆ ಚಿತ್ರದಲ್ಲಿ ಭೂಕವಚ, ಅಂದರೆ ಭೂಮಿಯ ತೀರಾ ಮೇಲಿನ ಪದರ, ಬೆರಳಿನಷ್ಟು ದಪ್ಪ ಇರುತ್ತದೆ. ಹೆಸರು ಬರೆಯೋಕೆ ಜಾಗ ಬೇಕಲ್ವಾ, ಅದಕ್ಕೆ. ಆದರೆ ಮಕ್ಕಳ ತಲೆಯಲ್ಲಿ ಅದೇ ಅಳತೆ ಕೂತುಬಿಡುತ್ತದೆ. ಆಮೇಲೆ ಭೂಕಂಪ, ಜ್ವಾಲಾಮುಖಿ ಏನೇ ಹೇಳಿದರೂ ಆ ತಪ್ಪು ಅಳತೆಯಲ್ಲೇ ಯೋಚಿಸುತ್ತಾರೆ.

ಅದಕ್ಕೇ ಮೊದಲು ಕಾಗದದ ಪಟ್ಟಿ. ಹಳೇ ಹಾಳೆಗಳನ್ನು ಅಂಟಿಸಿ 64 ಸೆಂಟಿಮೀಟರ್ ಉದ್ದ ಮಾಡಿಸುತ್ತೇನೆ. ಒಂದು ಸೆಂಟಿಮೀಟರ್ ಅಂದರೆ 100 ಕಿಲೋಮೀಟರ್. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್, ಹಾಗಾಗಿ ಪಟ್ಟಿಯ ಒಂದು ತುದಿ ನಾವು ನಿಂತ ನೆಲ, ಇನ್ನೊಂದು ತುದಿ ನಟ್ಟನಡುವಿನ ಕೇಂದ್ರ. ಮೇಲಿನಿಂದ 29 ಸೆಂಟಿಮೀಟರಿಗೆ ಒಂದು ಗೆರೆ, ಅಲ್ಲಿಗೆ ಭೂಕವಚದ ಕೆಳಗಿನ ದಪ್ಪ ಪದರ ಮ್ಯಾಂಟಲ್ ಮುಗಿಯಿತು. 51.5ಕ್ಕೆ ಇನ್ನೊಂದು, ಅಲ್ಲಿಗೆ ಹೊರ ಕೇಂದ್ರಗೋಳವೂ ಮುಗಿಯಿತು. ಉಳಿದದ್ದು ಒಳ ಕೇಂದ್ರಗೋಳ.

ಮಜಾ ಇರೋದು ಭೂಕವಚ ಗುರುತು ಮಾಡುವಾಗ. ಖಂಡಗಳ ಕೆಳಗೆ ಅದು ಸುಮಾರು 35 ಕಿಲೋಮೀಟರ್, ಅಂದರೆ ಮೂರೂವರೆ ಮಿಲಿಮೀಟರ್. ಸಾಗರದ ತಳದಲ್ಲಿ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡು ಬಗ್ಗಿ ಕೂತರೂ ಗೆರೆಯ ದಪ್ಪವೇ ಅಷ್ಟಾಗಿಬಿಡುತ್ತದೆ. ಎವರೆಸ್ಟ್ 0.9 ಮಿಲಿಮೀಟರ್. ಮೋಡ, ಮಳೆ ಎಲ್ಲ ನಡೆಯುವ ಗಾಳಿಯ ಪದರವೂ ಒಂದೆರಡು ಮಿಲಿಮೀಟರ್ ಒಳಗೇ. ರಷ್ಯಾದ ಕೋಲಾದಲ್ಲಿ 1970ರಿಂದ ಕೊರೆದ ಬಾವಿ 12,262 ಮೀಟರ್ ಆಳ ಹೋಗಿದೆ. ಅದನ್ನೂ ಗುರುತು ಮಾಡಿಸುತ್ತೇನೆ. 1.2 ಮಿಲಿಮೀಟರ್.

"ಇಷ್ಟೇನಾ ಸರ್?"

ಇಷ್ಟೇ. ಇಲ್ಲಿ ನಾನು ಸುಮ್ನೆ ಇದ್ದುಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ಯಾರಾದರೂ ಕೇಳೇ ಕೇಳುತ್ತಾರೆ: ಹಾಗಾದರೆ ಅಷ್ಟು ಒಳಗೆ ಏನಿದೆ ಅಂತ ಹೇಗೆ ಗೊತ್ತಾಯ್ತು? ಇದು ಅವರ ಬಾಯಿಂದಲೇ ಬರಬೇಕು. ನಾವೇ ಹೇಳಿಬಿಟ್ಟರೆ, ಭೂಕಂಪವಾದಾಗ ಭೂಮಿಯೊಳಗೆ ಸಾಗುವ ಅಲೆಗಳ ಪಾಠ ಬರೀ ಕಂಠಪಾಠ.

ಉತ್ತರಕ್ಕೆ ಎಂಟು ಹತ್ತು ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರಂತೆ ಒತ್ತೊತ್ತಾಗಿ ನಿಲ್ಲಿಸುತ್ತೇನೆ. ಎಲ್ಲರೂ ಮುಂದಿನವರ ಭುಜ ಗಟ್ಟಿಯಾಗಿ ಹಿಡಿಯಬೇಕು. ಇದು ಘನ. ಹಿಂದಿನಿಂದ ಮೆಲ್ಲಗೆ ತಳ್ಳಿದರೆ ತಳ್ಳು ಮುಂದಿನವರೆಗೆ ಹೋಗುತ್ತದೆ, ಅದು ಪಿ ಅಲೆ. ಕೊನೆಯವನು ಪಕ್ಕಕ್ಕೆ ತೂಗಿದರೆ ಆ ತೂಗಾಟವೂ ಸಾಗುತ್ತದೆ, ಅದು ಎಸ್ ಅಲೆ. ಈಗ ಕೈ ಬಿಡಿ ಅನ್ನುತ್ತೇನೆ. ಇದು ದ್ರವ. ತಳ್ಳು ಈಗಲೂ ಹೋಗುತ್ತದೆ. ಪಕ್ಕದ ತೂಗಾಟ ಮಾತ್ರ ಅಲ್ಲೇ ನಿಲ್ಲುತ್ತದೆ, ಎಳೆದುಕೊಂಡು ಹೋಗೋಕೆ ಹಿಡಿತವೇ ಇಲ್ಲ. ದೊಡ್ಡ ಭೂಕಂಪವಾದಾಗ ಭೂಮಿಯ ಆಚೆ ಬದಿಗೆ ನೇರವಾದ ಎಸ್ ಅಲೆ ತಲುಪುವುದಿಲ್ಲ. ಯಾಕೆ ಅಂತ ಆಮೇಲೆ ಹೇಳಬೇಕಾಗಿಯೇ ಇಲ್ಲ.

ಹೊರ ಕೇಂದ್ರಗೋಳ ದ್ರವ ಅಂತ ಸಿಕ್ಕಿದ್ದು ಹೀಗೆ. ಅದರೊಳಗೆ ಮತ್ತೊಂದು ಗಟ್ಟಿ ಗೋಳ ಇದೆ ಅಂತ 1936ರಲ್ಲಿ ತೋರಿಸಿದ್ದು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೆಹ್ಮನ್. 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ, ದ್ರವದಲ್ಲಿ ಬಾಗಿ ಹೋಗುವುದರಿಂದ ಪಿ ಅಲೆ ಬರಬಾರದ ಕಡೆ ಸಣ್ಣ ಅಲೆಗಳು ಬಂದಿದ್ದನ್ನು ಅವರು ಬಿಡದೆ ಹಿಡಿದರು. ಈ ಹೆಸರನ್ನು ನಾನು ತಪ್ಪದೆ ಹೇಳುತ್ತೇನೆ. ಪರೀಕ್ಷೆಗೆ ಬರಲಿ, ಬಿಡಲಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮ್ಯಾಂಟಲ್. ಅದು ಲಾವಾ ಸಮುದ್ರ ಅಂತಲೇ ಮಕ್ಕಳು ನಂಬಿರುತ್ತಾರೆ, ಕೆಲವು ದೊಡ್ಡವರೂ. ಎಸ್ ಅಲೆ ಮ್ಯಾಂಟಲ್‌ನಲ್ಲಿ ಹಾದುಹೋಗುತ್ತದೆ, ಹಾಗಾದರೆ ಅದು ಏನು ಅಂತ ಕೇಳಿದರೆ ಸಾಕು, ಈಗಷ್ಟೇ ಭುಜ ಹಿಡಿದು ನಿಂತವರೇ ಉತ್ತರ ಕೊಡುತ್ತಾರೆ. ಗಟ್ಟಿ ಬಂಡೆಯೇ, ಆದರೆ ಬಿಸಿಗೆ ಬಹಳ ನಿಧಾನಕ್ಕೆ ಹರಿಯುವ ಬಂಡೆ. ಕರಗಿದ ಭಾಗ ಅದರಲ್ಲಿ ತೀರಾ ಕಡಿಮೆ.

ನಿಧಾನ ಅಂದರೆ ಎಷ್ಟು? ಮೇಲಿನ ಫಲಕಗಳು, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳು, ನಮ್ಮ ಉಗುರು ಬೆಳೆಯುವಷ್ಟು ವೇಗದಲ್ಲಿ ಸರಿಯುತ್ತವೆ. ಅಟ್ಲಾಂಟಿಕ್ ಸಾಗರ ವರ್ಷಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲವಾಗುತ್ತಿದೆ. ನಮ್ಮ ಪಟ್ಟಿಯ ಒಂದು ಸೆಂಟಿಮೀಟರ್ ದಾಟೋಕೆ ಎಷ್ಟು ವರ್ಷ ಬೇಕು ಅಂತ ಲೆಕ್ಕ ಕೊಡುತ್ತೇನೆ. 40 ಲಕ್ಷ ವರ್ಷ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತು. ಅಂದಿನಿಂದ ಇದೇ ವೇಗ ಅಂತ ಇಟ್ಟುಕೊಂಡು ಅಟ್ಲಾಂಟಿಕ್ ಎಷ್ಟು ಅಗಲವಾಗಿದೆ ಅನ್ನುವುದು ಮನೆಗೆಲಸ. ಹದಿನಾರೂವರೆ ಸೆಂಟಿಮೀಟರ್, ಅಂದರೆ 1,650 ಕಿಲೋಮೀಟರ್ ಅಂತ ಮರುದಿನ ಬಾಗಿಲಲ್ಲೇ ಕೂಗಿ ಹೇಳುವವರು ಇಬ್ಬರಾದರೂ ಇರುತ್ತಾರೆ.