ಮೊದಲು ಟೈರು, ಆಮೇಲೆ ಲಿಫ್ಟು: ತೋಟದ ಪಿಕಪ್ ಎತ್ತರಿಸಿದ ಬಗೆ

ಪಿಕಪ್‌ಗೆ ಲಿಫ್ಟ್ ಹಾಕಿಸಿ, ಅಂದರೆ ಸಸ್ಪೆನ್ಷನ್ ಕಡೆಯಿಂದ ಬಾಡಿಯನ್ನು ಎತ್ತರಿಸಬೇಕು ಅನ್ನುವವರು ಮೊದಲು ಕೇಳುವುದು ‘ಎಷ್ಟು ಇಂಚು?’ ಅಂತ. ಅದಕ್ಕೆ ಮುಂಚೆ ಗಾಡಿಯ ಅಡಿಗೆ ತೂರಿ, ಎಲ್ಲೆಲ್ಲಿ ಉಜ್ಜಿದೆ ಅಂತ ನೋಡಿ. ಒಂದು ಮಳೆಗಾಲ ಕಳೆದ ತೋಟದ ಗಾಡಿಯ ತಳದಲ್ಲಿ ಉತ್ತರ ಗೀಚಿಯೇ ಇರುತ್ತದೆ. ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗಿಯರ್ ಗುಂಡು) ತಳದ ಪೇಂಟ್ ಹೋಗಿದ್ದರೆ ಲಿಫ್ಟ್‌ನಿಂದ ಏನೂ ಆಗದು. ಸ್ಪ್ರಿಂಗ್ ಕೂರುವುದು ಆಕ್ಸಲ್ ಮೇಲೆ. ಆಕ್ಸಲನ್ನೇ ಎತ್ತುವುದು ಟೈರ್ ಮಾತ್ರ. ಫುಟ್‌ಬೋರ್ಡ್, ಚಾಸಿಯ ನಡುಭಾಗ, ಮುಂದಿನ ತಗಡು ಉಜ್ಜಿದ್ದರೆ ಆಗ ಲಿಫ್ಟ್‌ನ ಮಾತು.

ನನ್ನದು ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪ್ಲೇಟ್ (ಪದರ ಪದರ ಉಕ್ಕಿನ ಪಟ್ಟಿಯ ಸ್ಪ್ರಿಂಗ್) ಇರುವ ಫೋರ್‌ವ್ಹೀಲ್ ಗಾಡಿ. ಮೂಲ ಟೈರ್ 245/70 ಆರ್16 (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ 70 ಶೇಕಡಾ, ರಿಮ್ 16 ಇಂಚು), ವ್ಯಾಸ ಸುಮಾರು 749 ಮಿ.ಮೀ. ಎದುರಿಗಿದ್ದ ಆಯ್ಕೆ ಎರಡು. 265/70 ಹಾಕಿದರೆ 777 ಮಿ.ಮೀ., ಅಂದರೆ ಹೆಚ್ಚಿದ ವ್ಯಾಸದ ಅರ್ಧ, ಆಕ್ಸಲ್ 14 ಮಿ.ಮೀ. ಮೇಲೆ. 265/75 ಆದರೆ 804, ಅಂದರೆ 27 ಮಿ.ಮೀ. ಎರಡನೆಯದು ಆಸೆ ಹುಟ್ಟಿಸುತ್ತದೆ, ಆದರೆ ಗಿಯರಿಂಗ್ 7 ಶೇಕಡಾ ಉದ್ದವಾಗುತ್ತದೆ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಿ ಎಳೆತ ಕಮ್ಮಿಯಾಗುತ್ತದೆ. ಎಂಟು ಮೂಟೆ ಗೊಬ್ಬರ, ಅಂದರೆ 400 ಕೆ.ಜಿ. ಹೊತ್ತು ತೋಟದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರೆ ಕ್ಲಚ್ ವಾಸನೆ ಬರುವುದು ಅದರಿಂದಲೇ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 86ರ ಹತ್ತಿರ ಓಡುತ್ತಿರುತ್ತದೆ. ಓಡೋಮೀಟರ್ ಕೂಡ ಕಮ್ಮಿ ಎಣಿಸುವುದರಿಂದ ಮೈಲೇಜ್ ಇದ್ದದ್ದಕ್ಕಿಂತ ಹೆಚ್ಚು ಬಿದ್ದಂತೆ ಕಾಣುತ್ತದೆ. ನಾನು 265/70ಕ್ಕೇ ನಿಂತೆ. 7 ಇಂಚಿನ ರಿಮ್‌ಗೆ ಅದು ಕೂರುತ್ತದೆ, ಸ್ಟೆಪ್ನಿ ಜಾಗಕ್ಕೂ ಹಿಡಿಯುತ್ತದೆ. ಸ್ಟೆಪ್ನಿ ಅದೇ ಅಳತೆಯದ್ದಿರಲಿ: ವ್ಯಾಸ ಬೇರೆಯಾದ ಚಕ್ರ ಹಾಕಿ ಟಾರಿನ ಮೇಲೆ ಫೋರ್‌ವ್ಹೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ. ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಮ್ಮಿ ಬೇಡ. 110 ಅಂದರೆ ಟೈರೊಂದಕ್ಕೆ 1060 ಕೆ.ಜಿ., 112 ಅಂದರೆ 1120.

ಎಲ್ಲ ನೆಲಕ್ಕೂ ಆಗುವ ಆಲ್ ಟೆರೇನ್ ಟೈರೋ, ಕೆಸರಿಗೆಂದೇ ಇರುವ ಮಡ್ ಟೆರೇನೋ? ಕೆಂಪು ಜೇಡಿಯಲ್ಲಿ ಮಡ್ ಟೈರ್ ಮಣ್ಣನ್ನು ಎಸೆದು ಮುಂದೆ ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಗಾಡಿ ಜುಲೈ ಮಳೆಯಲ್ಲಿ ಸಂಪಾಜೆ ಘಾಟಿಯನ್ನೂ ಇಳಿಯಬೇಕು. ದಪ್ಪ ಗುಬಟಿನ ಟೈರ್ ಒದ್ದೆ ಟಾರಿನ ತಿರುವಿನಲ್ಲಿ ಜಾರುತ್ತದೆ. ನನ್ನ ಓಡಾಟದಲ್ಲಿ ಮುಕ್ಕಾಲು ಪಾಲು ಟಾರು, ಹಾಗಾಗಿ ಆಲ್ ಟೆರೇನ್. ಕೆಸರಿನಲ್ಲಿ ಗಾಳಿ 20 ಪಿಎಸ್‌ಐಗೆ ಇಳಿಸಿ ನಿಧಾನ ಓಡಿಸಿದರೆ ಹೆಚ್ಚಿನ ಕಡೆ ದಾಟುತ್ತದೆ. ಟಾರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಲು ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಈ ಟೈರಿಗೆ ಬೇಕಾದಷ್ಟೇ ಲಿಫ್ಟ್: ಮುಂದೆ 40 ಮಿ.ಮೀ., ಹಿಂದೆ 30. ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಂಡು ಶುರು ಮಾಡಿದೆ. ಮುಂದೆ ಸ್ಪೇಸರ್ (ಎತ್ತರಕ್ಕಾಗಿ ನಡುವೆ ಇಡುವ ಬಿಲ್ಲೆ) ಬಿಟ್ಟು ಉದ್ದದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಜೋಡಣೆ) ಮೇಲೆ ಇಡುವ ಸ್ಪೇಸರ್ ಅಗ್ಗ, ನಿಜ. ಆದರೆ ಅದು ಚಕ್ರವನ್ನು ತನ್ನ ದಪ್ಪದ ಹೆಚ್ಚುಕಮ್ಮಿ ಎರಡರಷ್ಟು ಕೆಳಗೆ ತಳ್ಳುತ್ತದೆ. ಚಕ್ರ ಜೋತುಬಿದ್ದಾಗ ಮೇಲಿನ ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿಯುವ ತೋಳು) ಸ್ಪ್ರಿಂಗಿಗೆ ತಾಗಿ, ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ರಬ್ಬರ್ ಬೂಟ್ ಹರಿಯುತ್ತದೆ. 50 ಮಿ.ಮೀ. ದಾಟಿದರೆ ಬೇರೆ ಮೇಲಿನ ಆರ್ಮ್ ಬೇಕೇಬೇಕು, ಇಲ್ಲವಾದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಓರೆ) ಸರಿಹೋಗದೆ ಸ್ಟೀರಿಂಗ್ ಅಲೆಯುತ್ತದೆ.

ಹಿಂದೆ ಒಂದು ಪ್ಲೇಟ್ ಹೆಚ್ಚಿಗೆ. ಆಕ್ಸಲ್ ಮತ್ತು ಪ್ಲೇಟ್ ನಡುವೆ ಕಬ್ಬಿಣದ ಬ್ಲಾಕ್ ಇಟ್ಟರೆ ಎತ್ತರ ಸಿಗುತ್ತದೆ, ಆದರೆ ಲೋಡ್ ಹೊತ್ತು ಏರು ಹತ್ತುವಾಗ ಆಕ್ಸಲ್ ತಿರುಚಿಕೊಂಡು ಗಡಗಡ ಅನ್ನುತ್ತದೆ. ಉದ್ದದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿದರೆ ಹೆಚ್ಚಿಸಿದ ಉದ್ದದ ಅರ್ಧವಷ್ಟೇ ಎತ್ತರ. ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಹಳೆಯ ಯು ಬೋಲ್ಟ್ ಮತ್ತೆ ಬಳಸಬೇಡಿ, ಅವು ಎಳೆದುಕೊಂಡಿರುತ್ತವೆ. ಅನೇಕ ಮೆಕ್ಯಾನಿಕ್‌ಗಳು ಬಿಡುವ ಕೆಲಸ ಇನ್ನೊಂದಿದೆ: ಶ್ಯಾಕಲ್ ಮತ್ತು ಆರ್ಮ್‌ನ ಬೋಲ್ಟ್‌ಗಳನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಜಾಕ್ ಮೇಲಿರುವಾಗ ಬಿಗಿದರೆ ಬುಷ್ (ಕೀಲಿನೊಳಗಿನ ರಬ್ಬರ್) ಯಾವಾಗಲೂ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಆಮೇಲೆ ಗಾಡಿ ಎತ್ತಿ ಚಕ್ರ ಜೋತುಬಿಟ್ಟು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿಯುತ್ತಾ ನೋಡಿ. ಕೆಳಗಿಳಿಸಿದ ಮೇಲೆ ಒಂದು ಮುಂದಿನ ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ ಮತ್ತೆ ತಿರುಗಿಸಿ. ನನ್ನದರಲ್ಲಿ ಮಡ್‌ಗಾರ್ಡಿನ ಹಿಂಬದಿಯ ಪ್ಲಾಸ್ಟಿಕ್ ತಾಗಿತು. ಹೀಟ್ ಗನ್‌ನಿಂದ ಬಿಸಿಮಾಡಿ ಹಿಂದಕ್ಕೆ ಒತ್ತಿದರೆ ಸಾಕಾಯಿತು, ಕತ್ತರಿಸಲಿಲ್ಲ. ಅಲೈನ್‌ಮೆಂಟ್ ಅದೇ ದಿನ. ಹೆಡ್‌ಲೈಟನ್ನೂ ಇಳಿಸಬೇಕು, ಇಲ್ಲವಾದರೆ ಮಂಜಿನಲ್ಲಿ ಎದುರು ಬರುವವರ ಕಣ್ಣಿಗೆ ನೇರ ಹೊಡೆಯುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಆರ್‌ಸಿ ಹೊಂದದಂಥ ಬದಲಾವಣೆ ಸಲ್ಲದು. ಇನ್ಶೂರೆನ್ಸ್‌ನವರೂ ಅದನ್ನೇ ಹಿಡಿಯಬಹುದು. ಸಣ್ಣ ಅಳತೆಗೆ ನಿಲ್ಲಲು ಅದೂ ಒಂದು ಕಾರಣ. ಕೆಲಸಕ್ಕೆ ಕೈಹಾಕುವ ಮುಂಚೆ ಆರ್‌ಟಿಒದಲ್ಲಿ, ಇನ್ಶೂರೆನ್ಸ್ ಕಂಪನಿಯಲ್ಲಿ ಕೇಳಿಕೊಳ್ಳಿ.

500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿದೆ. ನಾಲ್ಕು ಬೋಲ್ಟಿನಲ್ಲಿ ಮೂರು, ಒಂದೊಂದೂ ಕಾಲು ಸುತ್ತಿನಷ್ಟು ತಿರುಗಿದವು. ಹೊಸ ಪ್ಲೇಟ್ ಅಷ್ಟರೊಳಗೆ ಕೂತಿರುತ್ತದೆ. ಈಗ ಮತ್ತೆ ಅಳೆದು ಮೊದಲು ಬರೆದಿಟ್ಟ ಅಳತೆಗೆ ಹೋಲಿಸಿದರೆ, ಹಿಂದೆ ಏರಿಸಿದ 30 ಮಿ.ಮೀ.ನಲ್ಲಿ ಐದಾರು ಮಿ.ಮೀ. ಇಳಿದಿರುವುದು ಕಾಣುತ್ತದೆ.